ತಂತಿಗೆ ತಂತಿ ಅಡ್ಡ ಬಾರದಿರಲಿ

ಮಾನ್ವಿ ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರಾ ಎಡದಂಡೆ ಕಾಲುವೆ. ಇಂಥ ಕಾಲುವೆಯ ದಾರಿಗೆ ಹಳ್ಳ ಅಡ್ಡ ಬಂದರೆ ಮೇಲ್ಗಾಲುವೆ ಕಟ್ಟಿ ನೀರನ್ನು ದಾಟಿಸುತ್ತಾರೆ. ಎರಡು ನೀರೂ ಬೆರೆಯುವುದಿಲ್ಲ. ಆದರೆ ಖರ್ಚು ಹೆಚ್ಚು.

ಕಂಪ್ಯೂಟರ್ ಚಿಪ್‌ನಲ್ಲೂ ಇದೇ ತೊಡಕು. ಎರಡು ತಂತಿ ತಾಗಿದರೆ ಸಂಕೇತಗಳು ಬೆರೆತು ಲೆಕ್ಕ ಕೆಡುತ್ತದೆ. ಅದಕ್ಕೆಂದೇ ಇಂದಿನ ಮುಂದುವರಿದ ಚಿಪ್‌ಗಳಲ್ಲಿ ತಂತಿಗಳನ್ನು ಹತ್ತಕ್ಕೂ ಹೆಚ್ಚು ಪದರಗಳಲ್ಲಿ, ಒಂದರ ಮೇಲೊಂದರಂತೆ ಹಾಯಿಸುತ್ತಾರೆ.

ನ್ಯಾನೋ ಲೋಕದಲ್ಲಿ ಇದು ಅಷ್ಟು ಸುಲಭವಲ್ಲ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. 1993ರಲ್ಲಿ ಅಮೆರಿಕದ ಕ್ರೇಗ್ ಲೆಂಟ್ ಮತ್ತು ಸಂಗಡಿಗರು ಒಂದು ಹೊಸ ಬಗೆಯ ಮಂಡಲವನ್ನು ಸೂಚಿಸಿದರು. ಚೌಕಾಕಾರದ ಪುಟ್ಟ ಕೋಶ. ನಾಲ್ಕು ಮೂಲೆಗಳಲ್ಲಿ ನಾಲ್ಕು 'ಕ್ವಾಂಟಂ ಚುಕ್ಕಿ'. ಒಳಗೆ ಎರಡು ಎಲೆಕ್ಟ್ರಾನ್. ಅವು ಒಂದನ್ನೊಂದು ವಿಕರ್ಷಿಸುವುದರಿಂದ ಎದುರುಬದುರು ಮೂಲೆ ಹಿಡಿಯುತ್ತವೆ. ಒಂದು ಕರ್ಣ 0, ಇನ್ನೊಂದು 1. ಕೋಶಗಳನ್ನು ಸಾಲಾಗಿಟ್ಟರೆ ಪ್ರತಿಯೊಂದೂ ಪಕ್ಕದ್ದನ್ನು ತನ್ನಂತೆ ಮಾಡುತ್ತದೆ. ಆ ಸಾಲೇ ತಂತಿ! ಒಂದು ಕೋಶದಿಂದ ಇನ್ನೊಂದಕ್ಕೆ ವಿದ್ಯುತ್ ಹರಿಯದೆಯೇ ಸಂಕೇತ ಸಾಗುತ್ತದೆ.

ಇಂಥ ಎರಡು ಸಾಲುಗಳು ಒಂದೇ ಸಮತಲದಲ್ಲಿ ಅಡ್ಡಹಾಯಬೇಕಾದರೆ ಒಂದು ಸಾಲಿನ ಕೋಶಗಳನ್ನು 45 ಡಿಗ್ರಿ ತಿರುಗಿಸಿಡಬೇಕು. ಅಲ್ಲಿ ಕೋಶ ತುಸು ಸರಿದರೂ ಸಂಕೇತ ಕೆಡಬಹುದು. ಆದ್ದರಿಂದ ಅಡ್ಡಹಾಯುವ ಜಾಗಗಳನ್ನೇ ಕಡಿಮೆ ಮಾಡುವುದು ಜಾಣತನ.

ಗಣಿತದಲ್ಲಿ ಈ ಪ್ರಶ್ನೆ ಹಳೆಯದು. 1944ರಲ್ಲಿ ಹಂಗೆರಿಯ ಗಣಿತಜ್ಞ ಪಾಲ್ ತುರಾನ್ ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಬಲವಂತದ ದುಡಿಮೆಯಲ್ಲಿದ್ದರು. ಹಳಿಗಳು ಅಡ್ಡಹಾಯುವಲ್ಲೇ ಇಟ್ಟಿಗೆ ಬಂಡಿಗಳು ಹಳಿ ತಪ್ಪುತ್ತಿದ್ದವು. ಪ್ರತಿ ಗೂಡಿನಿಂದ ಪ್ರತಿ ದಾಸ್ತಾನಿಗೂ ಹಳಿ ಬೇಕು. ಅಡ್ಡಹಾಯುವುದನ್ನು ಎಷ್ಟು ಕಡಿಮೆ ಮಾಡಬಹುದು? ಮೂರು ಗೂಡು, ಮೂರು ದಾಸ್ತಾನು ಇದ್ದರೆ ಒಂದಾದರೂ ತಪ್ಪದು. ಬರೆದು ನೋಡಿ.

ಮಂಡಲ ರಚಿಸುವವರಿಗೆ ಮೂರು ಉಪಾಯಗಳಿವೆ. ಗೇಟುಗಳ ಮೇಲೆ-ಕೆಳಗಿನ ಕ್ರಮ ಬದಲಿಸುವುದು ಮೊದಲನೆಯದು. ದೂರ ತಂತಿ ಎಳೆಯುವ ಬದಲು ಗೇಟಿನ ನಕಲೊಂದನ್ನು ಹತ್ತಿರದಲ್ಲೇ ಇಡುವುದು ಎರಡನೆಯದು. ಮೂರನೆಯದು ಸ್ವಾರಸ್ಯಕರ. ಎಕ್ಸ್-ಆರ್ ಗೇಟಿಗೆ ಬರುವ ಸಂಕೇತಗಳೆರಡೂ ಒಂದೇ ಆದರೆ ಉತ್ತರ 0, ಬೇರೆಯಾದರೆ 1. ಮೇಲೆ 1, ಕೆಳಗೆ 0 ಬರಲಿ. ನಡುವಿನ ಗೇಟಿನ ಉತ್ತರ 1. ಇದನ್ನು ಮೇಲಿನ 1ರೊಡನೆ ಇನ್ನೊಂದು ಗೇಟಿಗೆ ಕೊಟ್ಟರೆ 0. ಕೆಳಗಿನ 0ಯೊಡನೆ ಮತ್ತೊಂದಕ್ಕೆ ಕೊಟ್ಟರೆ 1. ತಂತಿ ದಾಟಲಿಲ್ಲ, ಸಂಕೇತಗಳು ಮಾತ್ರ ಅದಲುಬದಲಾದವು! ಇದಕ್ಕೆ ತೆರುವ ಬೆಲೆ ಹೆಚ್ಚುವರಿ ಗೇಟುಗಳು. ಯಾವುದು ಅಗ್ಗ ಎಂದು ತೂಗಿ ನೋಡುವುದೇ ಇಲ್ಲಿನ ವಿದ್ಯೆ.

ನ್ಯಾನೋ ಸಾಧನಗಳನ್ನು ತಯಾರಿಸುವ ಪ್ರಯೋಗಾಲಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆದರೆ ತಂತಿಗಳನ್ನು ಬಿಡಿಸುವ ಈ ಲೆಕ್ಕಕ್ಕೆ ಅಲ್ಲಿಯವರೆಗೆ ಹೋಗಬೇಕಿಲ್ಲ. ಮಾನ್ವಿಯ ಮಕ್ಕಳಿಗೂ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.