ಕಚ್ಚಿ ಕೂತ ಬೋಲ್ಟು

ಕುಂದಾಪುರದಲ್ಲಿ ಗ್ಯಾರೇಜು ಇಟ್ಟವನಿಗೆ ತುಕ್ಕನ್ನು ಯಾರೂ ಪರಿಚಯಿಸಬೇಕಿಲ್ಲ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಆ ದಾರಿಯಲ್ಲಿ ಹತ್ತಾರು ಮಳೆಗಾಲ ಓಡಿದ ಕಾರಿನ ಚಕ್ರ ಬಿಚ್ಚಿದರೆ ಒಳಗೆಲ್ಲ ಕೆಂಪು. ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡುಗಳ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಇದ್ದಲ್ಲೇ ಉಬ್ಬಿ, ಬೋಲ್ಟನ್ನು ಅದುಮಿ ಹಿಡಿಯುತ್ತದೆ.

ಇಂಥ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಅದಕ್ಕೊಂದು ಪೈಪು ಸಿಕ್ಕಿಸಿ ಜಗ್ಗಲು ನನ್ನ ಹುಡುಗರಿಗೆ ನಾನು ಬಿಡುವುದಿಲ್ಲ. ಸೈಲೆನ್ಸರಿನ ಬೋಲ್ಟು ಮುರಿದರೆ ಸದ್ದು ಜಾಸ್ತಿಯಾದೀತು. ಬ್ರೇಕಿನದ್ದು ಅರೆಬರೆ ಮುರಿದು, ಅದು ಕಣ್ಣಿಗೆ ಬೀಳದೆ ಗಾಡಿ ಹೊರಬಿದ್ದರೆ, ಹುಲಿಕಲ್ ಘಾಟಿ ಇಳಿಯುವಾಗ ಅದರೊಳಗೆ ಒಂದು ಸಂಸಾರ ಕೂತಿರುತ್ತದೆ.

ನನ್ನ ಕೆಲಸ ಹಿಂದಿನ ಸಂಜೆಯೇ ಶುರು. ಗಾಡಿಯನ್ನು ಜಾಕಿನ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ಇಳಿಸಿ, ವೈರ್ ಬ್ರಷ್ಷಿನಿಂದ ಥ್ರೆಡ್ ಕಾಣುವಷ್ಟು ಉಜ್ಜಿ, ತೆಳುವಾದ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ನೀರು ಓಡಿಸಲಿಕ್ಕೆ. ತುಕ್ಕಿಗೂ ಆಗುತ್ತದೆ, ಆದರೆ ಇದಕ್ಕೆಂದೇ ಮಾಡಿದ ಎಣ್ಣೆ ಇನ್ನೂ ಒಳಗೆ ಇಳಿಯುತ್ತದೆ. ಯಾವುದೇ ಆಗಲಿ, ಲೈನಿಂಗಿಗೂ ರಬ್ಬರ್ ಸೀಲಿಗೂ ತಾಗಬಾರದು. ಪೆಟ್ರೋಲಿಯಂ ಎಣ್ಣೆ ಬಿದ್ದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬೆಳಿಗ್ಗೆ ಆರು ಮೂಲೆಯ ಸಾಕೆಟ್. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ತಲೆಯ ಮೂಲೆಗಳನ್ನು ಸವೆಸಿ ಜಾರುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಕೇಳುವುದು ಬ್ಲೀಡರ್ ನಿಪ್ಪಲ್. ಬ್ರೇಕ್ ಆಯಿಲಿಗೆ ಸೇರಿದ ಗಾಳಿಯನ್ನು ಹೊರಗೆ ಬಿಡುವ ಪುಟ್ಟ ಸ್ಕ್ರೂ ಅದು. ಉದ್ದಕ್ಕೆ ಟೊಳ್ಳು, ತುದಿಯ ಹತ್ತಿರ ಅಡ್ಡಕ್ಕೊಂದು ತೂತು. ಹೀಗೆ ಟೊಳ್ಳಾದ್ದರಿಂದ ಸುಲಭವಾಗಿ ಮುರಿಯುತ್ತದೆ. ಮೇಲಿನ ರಬ್ಬರ್ ಟೊಪ್ಪಿ ಕಳೆದುಹೋಗಿದ್ದರೆ ಕೆಸರು ಹೊಕ್ಕು ಒಳಗಿನಿಂದಲೂ ತುಕ್ಕು ತಿಂದಿರುತ್ತದೆ. ಆ ಟೊಳ್ಳಿಗೆ ಬಿಗಿಯಾಗಿ ಕೂರುವ ಡ್ರಿಲ್ ಬಿಟ್ಟಿನ ನುಣುಪಾದ ಬುಡವನ್ನು ತೂರಿಸುತ್ತೇನೆ; ಆಗ ಸಾಕೆಟ್ ಹಿಡಿದರೂ ನಿಪ್ಪಲ್ ಚಪ್ಪಟೆಯಾಗುವುದಿಲ್ಲ. ಸುತ್ತಲಿನ ಲೋಹಕ್ಕೆ ಸಣ್ಣ ಸುತ್ತಿಗೆಯಿಂದ ನಾಲ್ಕು ಪೆಟ್ಟು. ಮೊದಲು ಕೂದಲೆಳೆಯಷ್ಟು ಬಿಗಿ, ಆಮೇಲೆ ಸಡಿಲ. ‘ಟಿಕ್’ ಎಂದು ಒಣ ಸದ್ದು ಬಂದರೆ ತುಕ್ಕು ಬಿಟ್ಟಿತೆಂದೇ ಲೆಕ್ಕ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ತಿರುಗತೊಡಗಿದರೆ ತಕ್ಷಣ ನಿಲ್ಲಿಸಬೇಕು. ಅದು ಸಡಿಲವಾಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಮತ್ತೆ ಎಣ್ಣೆ, ಮತ್ತೆ ಪೆಟ್ಟು, ಬೇಕಾದರೆ ಇನ್ನೊಂದು ರಾತ್ರಿ.

ಬೆಂಕಿ ಕೊನೆಯ ಉಪಾಯ, ಅದೂ ಸೀಲು, ಹೋಸು, ಆಯಿಲ್ ಇಲ್ಲದ ಕಡೆ ಮಾತ್ರ. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದನ್ನು ಹಿಡಿದ ನಟ್ಟನ್ನು. ಅದು ಹಿಗ್ಗಿದರೆ ಹಿಡಿತ ಬಿಡುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಜ್ವಾಲೆ ಹಿಡಿಯಲೇಬಾರದು. ಅದರಿಂದ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟಬಹುದು.

ಜಿಪ್ಸಿ ಗಾಡಿಯ ಹಿಂದಿನ ಬ್ರೇಕ್ ಡ್ರಮ್ ಬರದಿದ್ದರೆ ಸುತ್ತಿಗೆ ಎತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಕದ ಡ್ರಮ್ ಬಿರುಕು ಬಿಡುತ್ತದೆ. ಅದರ ಮುಖದ ಮೇಲೆಯೇ ಥ್ರೆಡ್ ಇರುವ ಎರಡು ತೂತುಗಳಿವೆ. ಹ್ಯಾಂಡ್‌ಬ್ರೇಕ್ ಬಿಟ್ಟು, 8 ಮಿಲಿಮೀಟರಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಕಾಲುಸುತ್ತು ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಈಚೆ ಬರುತ್ತದೆ.

ತಿರುಗಿ ಜೋಡಿಸುವಾಗ ತುಕ್ಕು ತಿಂದ ಬೋಲ್ಟಿಗೆ ರಜೆ. ಹಳೆಯದರ ತಲೆಯ ಮೇಲೆ ಅದರ ಬಲ ಹೇಳುವ 8.8 ಅಥವಾ 10.9 ಎಂಬ ಗುರುತು ಇದ್ದರೆ ಹೊಸದರ ಮೇಲೂ ಅದೇ ಇರಬೇಕು. ಹಾರ್ಡ್‌ವೇರ್ ಅಂಗಡಿಯ ಗೇಟಿನ ಬೋಲ್ಟು ಕ್ಯಾಲಿಪರಿಗೆ ನಡೆಯದು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಅದು ಗಾಳಿಯ ತೇವ ಹೀರುವ ದ್ರವ: 205 ಡಿಗ್ರಿಗೆ ಮೊದಲು ಕುದಿಯಬಾರದ ಡಾಟ್ 3, ನೀರು ಸೇರಿದ ಮೇಲೆ 140ರ ಸುಮಾರಿಗೇ ಕುದಿಯಬಹುದು. ಬದಲಿಸುವ ನೆಪದಲ್ಲಿ ನಿಪ್ಪಲ್ಲೂ ಒಮ್ಮೆ ತಿರುಗುತ್ತದೆ, ಹೊಸ ಟೊಪ್ಪಿಯೂ ಬೀಳುತ್ತದೆ.