ಹತ್ತು ಸಾವಿರ ಎತ್ತು, ಒಂದು ಸೂಜಿ

ಮುಂಡರಗಿ ಸಂತೆಯಲ್ಲಿ ಲಂಬಾಣಿ ಅಜ್ಜಿಯೊಬ್ಬರು ಪಕ್ಕ ಬಂದು ಕೂತರೆ, ಅವರ ಕಾಂಚಳಿ ಎಂಬ ರವಿಕೆಯ ಒಂದೇ ಒಂದು ಕನ್ನಡಿಯನ್ನು ದಿಟ್ಟಿಸಿ ನೋಡಿ. ಉಗುರಗಲದ ಗಾಜು. ಅದಕ್ಕೆ ತೂತಿಲ್ಲ. ಗಾಜಿನ ಮೇಲೆ ಮೊದಲು ಉದ್ದಕ್ಕೂ ಅಡ್ಡಕ್ಕೂ ದಾರ ಬಿಗಿದು, ಆ ದಾರಗಳನ್ನೇ ಹಿಡಿದು ಸುತ್ತ ಅಂಚು ಹೆಣೆಯುತ್ತಾರೆ. ಕನ್ನಡಿ ನಿಂತಿರುವುದು ಆ ಹಿಡಿತದಲ್ಲಿ. ಒಂದಕ್ಕೆ 30 ಹೊಲಿಗೆ ಎಂದಿಟ್ಟುಕೊಂಡರೂ 200 ಕನ್ನಡಿಗೆ 6,000 ಹೊಲಿಗೆ ಆಯಿತು. ಮಣಿ, ಕವಡೆ, ಫೇಟಿಯಾ ಎಂಬ ಲಂಗದ ಅಂಚು ಇನ್ನೂ ಬಾಕಿ!

ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳಿವೆ: ಕಿಲನ್, ವೇಲೆ, ಮಾಕಿ, ನಕ್ರಾ, ಜೋಲ್ಯಾ... 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳು ಒಂದೆಡೆ ಕೂಡಿ ಗಿನ್ನೆಸ್ ದಾಖಲೆ ಸೇರಿದವು.

ಈ ಸೂಜಿಯ ಹಿಂದೆ ಎತ್ತುಗಳಿವೆ. 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಟ್ಟಿಗೆ 10-12 ಸಾವಿರ ಎತ್ತುಗಳು ಅಕ್ಕಿ, ಕಾಳು, ಉಪ್ಪು ಹೊತ್ತು ಸಾಗುವುದನ್ನು ಕಂಡು ಬೆರಗಾಗಿ ಬರೆದಿಟ್ಟ. ಎತ್ತಿಗೆ 150 ಕಿಲೋ ಎಂದರೂ 10,000 ಎತ್ತಿಗೆ 1,500 ಟನ್. ಇಂದಿನ ಹತ್ತು ಟನ್ ಲಾರಿಗಳಾದರೆ 150 ಬೇಕು. ಆ ಎತ್ತುಗಳನ್ನು ನಡೆಸಿದವರು ಬಂಜಾರರು, ನಮ್ಮ ಲಂಬಾಣಿಗರ ಹಿರಿಯರು.

ಸದಾ ನಡೆಯುವವರಿಗೆ ಗೋಡೆ ಎಲ್ಲಿಯದು? ಚಿತ್ರ ಬರೆಯಲು ಒದಗಿದ್ದು ಮೈಮೇಲಿನ ಬಟ್ಟೆ. ಅಮೆರಿಕದ ಬಯಲಿನಲ್ಲಿ ಕಾಡೆಮ್ಮೆಯ ಹಿಂಡಿನ ಬೆನ್ನು ಹತ್ತಿ ಅಲೆದ ಶಯಾನ್ ಜನರ ಹೆಂಗಸರೂ ಹಾಗೇ ಮಾಡಿದರು: ಸಾಗರ ದಾಟಿ ಬಂದ ವೆನಿಸ್‌ನ ಗಾಜಿನ ಮಣಿಗಳನ್ನು ತೊಗಲಿನ ಮೆಟ್ಟಿಗೆ ಸಾಲುಸಾಲಾಗಿ ಹೊಲಿದರು. ಕೆಲವು ಜೋಡಿಗಳಲ್ಲಿ ಅಟ್ಟೆಯ ಅಡಿಗೂ ಮಣಿಗಳಿವೆ.

1884ರಲ್ಲಿ ಗದಗಿಗೆ ರೈಲು ಬಂತು. ನಾಡಿನ ತುಂಬ ಹಳಿ ಹಾಸಿದಂತೆ ಎತ್ತಿನ ಹೇರು ಇಳಿಯಿತು. ಅಲೆದವರು ತಾಂಡಾಗಳಲ್ಲಿ ನೆಲೆಯೂರಿದರು. ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕುಗಳಿಗೆ ಚಾಚಿದ ಕಪ್ಪತಗುಡ್ಡದ ಸೆರಗಿನಲ್ಲೂ ಅವರ ತಾಂಡಾಗಳಿವೆ.

ಈಗ ಅಜ್ಜಿಯ ಬಟ್ಟೆಯ ಆ ಕವಡೆ ನೋಡಿ. ಒಂದು ಕಾಲಕ್ಕೆ ಮಾಲ್ಡೀವ್ಸ್‌ ಕಡಲಿನಿಂದ ಹಡಗುಗಟ್ಟಲೆ ಬಂದು ಈ ದೇಶದಲ್ಲಿ ಹಣವಾಗಿ ಚಲಾವಣೆಯಾದದ್ದು ಇಂಥದೇ ಕವಡೆ. 1,500 ಟನ್ ಕಾಳು ಯಾವತ್ತೋ ಉಂಡು ಮುಗಿಯಿತು. ಒಂದು ಗ್ರಾಂ ಆಸುಪಾಸಿನ ಕವಡೆ ಮಾತ್ರ ಉಳಿದಿದೆ, ಒಬ್ಬ ಹೆಣ್ಣುಮಗಳು ಅದನ್ನು ಹೊಲಿದಿಟ್ಟಿದ್ದಕ್ಕೆ.