ಅಡ್ಡಗಾಳಿಯಲ್ಲಿ ಒಂದೂವರೆ ಸೆಕೆಂಡು

೧೯೭೪ರ ಸೆಪ್ಟೆಂಬರ್ ೮. ಅಮೆರಿಕದ ಐಡಾಹೋ ಪ್ರಾಂತದ ಟ್ವಿನ್ ಫಾಲ್ಸ್ ಊರಿನ ಬಳಿ, ಸ್ನೇಕ್ ನದಿಯ ಆಳವಾದ ಕಮರಿಯ ಅಂಚಿನಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಸಾಲುಸಾಲು ಕಾರುಗಳ ಮೇಲಿಂದ ಮೋಟಾರ್ ಸೈಕಲ್ ಹಾರಿಸಿ ಹೆಸರಾಗಿದ್ದ ಈವಲ್ ಕನೀವೆಲ್, ಹಬೆಯ ಬಲದಿಂದ ಚಿಮ್ಮುವ ವಾಹನವೊಂದರಲ್ಲಿ ಕುಳಿತು ಆ ಕಮರಿಯನ್ನು ದಾಟಲು ಸಿದ್ಧನಾಗಿದ್ದ. ವಾಹನ ಚಿಮ್ಮಿತು. ಆದರೆ ಇಳಿಯುವಾಗ ಬಿಚ್ಚಿಕೊಳ್ಳಬೇಕಾಗಿದ್ದ ಪ್ಯಾರಾಚೂಟು ಏರುವಾಗಲೇ ಬಿಚ್ಚಿಕೊಂಡಿತು. ಮುಂದಿನದೆಲ್ಲ ಗಾಳಿಯ ಪಾಲಾಯಿತು. ಹೊರಟ ದಡದ ಕಡೆಗೇ ವಾಹನವನ್ನು ತೇಲಿಸಿಕೊಂಡು ಬಂದ ಗಾಳಿ, ಅದನ್ನು ಕಮರಿಯ ತಳದಲ್ಲಿ, ನೀರಿಗೆ ಸಮೀಪದಲ್ಲಿ ಇಳಿಸಿತು. ಸಣ್ಣಪುಟ್ಟ ಗಾಯಗಳೊಡನೆ ಕನೀವೆಲ್ ಬದುಕಿಕೊಂಡ. ಪಟ್ಟಿಗಳಿಂದ ಬಿಗಿದು ಕುಳಿತಿದ್ದವನು ನದಿಗೇ ಬಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆತನಿಗೆ ಪ್ಯಾರಾಚೂಟಾದರೂ ಇತ್ತು. ಮಣ್ಣಿನ ದಿಬ್ಬಗಳ ಮೇಲಿಂದ ಮೋಟಾರ್ ಸೈಕಲ್ ಹಾರಿಸುವ ಸಾಮಾನ್ಯ ಸವಾರನಿಗೆ ಅದೂ ಇಲ್ಲ. ಮೋಟೋಕ್ರಾಸ್ ಎಂದು ಹೆಸರಾದ ಈ ಪಂದ್ಯದ ಮೂಲ ಇಂಗ್ಲೆಂಡಿನದು. ೧೯೨೪ರಲ್ಲಿ ಕ್ಯಾಂಬರ್ಲಿಯ ಬಯಲಿನಲ್ಲಿ ನಡೆದ ಓಟವನ್ನು ಅದರ ಆರಂಭವೆಂದು ಎಣಿಸುವುದುಂಟು. ಆಗಿನ ಗಾಡಿಗಳು ನೆಲ ಬಿಡುತ್ತಿದ್ದುದು ಅಪರೂಪ. ಇಂದಿನ ಗಾಡಿಯ ಚಕ್ರಗಳು ಸುಮಾರು ಒಂದು ಅಡಿಯಷ್ಟು ಮೇಲೆ ಕೆಳಗೆ ಆಡಬಲ್ಲವು. ನೆಲಕ್ಕೆ ಅಪ್ಪಳಿಸಿದ ಪೆಟ್ಟನ್ನು ನುಂಗಿಕೊಳ್ಳುವ ಈ ಶಕ್ತಿ ಬಂದ ಮೇಲೆ ದಿಬ್ಬಗಳೂ ಬೆಳೆದವು, ಸವಾರರ ಆಸೆಯೂ ಬೆಳೆಯಿತು.

ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ದಿಬ್ಬವೇರಿ ಚಿಮ್ಮಿದ ಗಾಡಿ ಐವತ್ತು-ಅರವತ್ತು ಅಡಿ ದೂರ ಹಾರಿ ಇಳಿಯುವುದಕ್ಕೆ ಹಿಡಿಯುವ ಕಾಲ ಸುಮಾರು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಗಾಳಿ ಏನು ಮಾಡೀತು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿದರೆ, ಗಾಡಿ ಮತ್ತು ಸವಾರನ ಒಟ್ಟು ತೂಕ ೧೮೦ ಕಿಲೋ ಇದ್ದರೂ, ಗಂಟೆಗೆ ೩೬ ಕಿಲೋಮೀಟರ್ ವೇಗದ ಅಡ್ಡಗಾಳಿ ಅವರನ್ನು ಒಂದು ಅಡಿಗೂ ಮಿಕ್ಕಿ ಪಕ್ಕಕ್ಕೆ ಸರಿಸಬಲ್ಲದು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಒಂದು ಅಡಿ ಸರಿದವನು ನಾಲ್ಕೈದು ಅಡಿ ಸರಿಯುತ್ತಾನೆ. ಪಕ್ಕದಲ್ಲಿ ಇನ್ನೊಬ್ಬ ಸವಾರ ಹಾರುತ್ತಿದ್ದರೆ ಇಬ್ಬರ ಗತಿಯೂ ಅದರಲ್ಲೇ ಅಡಗಿದೆ.

ಆದರೆ ಸರಿಯುವುದಕ್ಕಿಂತ ಕೆಟ್ಟದ್ದು ತಿರುಗುವುದು. ಗಾಳಿ ಮುಂಗಾಲಿಯನ್ನು ಒಂದು ಕಡೆಗೆ ತಳ್ಳಿ, ಗಾಡಿ ಓರೆಯಾಗಿ ನೆಲ ಮುಟ್ಟಿದರೆ, ಚಲನೆಯ ದಿಕ್ಕು ಒಂದು, ಚಕ್ರದ ದಿಕ್ಕು ಇನ್ನೊಂದು. ಅಂಥ ಗಳಿಗೆಯಲ್ಲಿ ಸವಾರ ಹ್ಯಾಂಡಲಿನ ಮೇಲಿಂದ ಎಸೆಯಲ್ಪಡುವುದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಆಷಾಢದಲ್ಲಿ ಗಾಳಿಪಟ ಹಾರಿಸಿದ ಹುಡುಗನಿಗೆ ಒಂದು ಸಂಗತಿ ಗೊತ್ತು. ಅಂಗಳದಲ್ಲಿ ಅಲುಗದ ಪಟ ಮಾಳಿಗೆಯ ಎತ್ತರ ದಾಟಿದೊಡನೆ ದಾರವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ದಿಬ್ಬವೇರುವ ಸವಾರನ ಪಾಡೂ ಇದೇ. ಏರುವಾಗ ಮಣ್ಣಿನ ರಾಶಿಯೋ ಪಕ್ಕದ ಮರಗಳೋ ಗಾಳಿಯನ್ನು ತಡೆದಿರುತ್ತವೆ. ತುದಿ ದಾಟಿದ ಕ್ಷಣ ಅದು ಒಮ್ಮೆಗೇ ಮೈಮೇಲೆ ಬೀಳುತ್ತದೆ. ಒಂದೇ ಸಮನೆ ಬೀಸುವ ಗಾಳಿಗೆ ಹೊಂದಿಕೊಳ್ಳಬಹುದು. ನಿಂತು ನಿಂತು ಬೀಸುವ ಗಾಳಿ ಮೋಸಗಾರ. ಈ ಕಾರಣದಿಂದಲೇ ಬಲ್ಲವರು ಮೊದಲ ಸುತ್ತಿನಲ್ಲಿ ಹಾರುವುದಿಲ್ಲ. ಚಕ್ರಗಳನ್ನು ನೆಲಕ್ಕೆ ಅಂಟಿಸಿಕೊಂಡೇ ಪ್ರತಿ ದಿಬ್ಬವನ್ನೂ ಹತ್ತಿ ಇಳಿಯುತ್ತಾರೆ. ಬಾವುಟ ಯಾವ ಕಡೆಗೆ ಬಾಗಿದೆ, ಮುಂದಿನವನ ಧೂಳು ಎತ್ತ ಹೋಗುತ್ತಿದೆ, ತುದಿಯಲ್ಲಿ ಅಂಗಿಯ ತೋಳು ಪಟಪಟ ಎನ್ನುತ್ತಿದೆಯೇ ಎಂದು ನೋಡಿಕೊಳ್ಳುತ್ತಾರೆ.

ಎದುರುಗಾಳಿ ಹಾರಾಟವನ್ನು ಮೊಟಕುಗೊಳಿಸುತ್ತದೆ; ಎರಡು ದಿಬ್ಬಗಳ ನಡುವೆ ಹಳ್ಳವಿದ್ದರೆ ಇದು ಪ್ರಾಣಕ್ಕೇ ಸಂಚಕಾರ. ನಡುವೆ ಮಣ್ಣು ತುಂಬಿ ಮೇಜಿನಂತೆ ಮಟ್ಟಸವಾಗಿರುವ ದಿಬ್ಬವಾದರೆ ತಪ್ಪಿಗೆ ಸ್ವಲ್ಪ ಕ್ಷಮೆಯುಂಟು. ಬೆನ್ನ ಹಿಂದಿನ ಗಾಳಿ ಇಳಿಜಾರನ್ನೂ ದಾಟಿಸಿ ಸಮತಲದ ಮೇಲೆ ಕುಕ್ಕುತ್ತದೆ; ಆಗ ಪೆಟ್ಟು ಬೆನ್ನುಮೂಳೆಗೆ. ಅಡ್ಡಗಾಳಿಯಲ್ಲಿ ಸವಾರ ಗಾಳಿ ಬರುವ ಬದಿಗೆ ಸ್ವಲ್ಪ ಸರಿದು, ಅದೇ ಬದಿಗೆ ಗಾಡಿಯನ್ನು ತುಸು ವಾಲಿಸಿ, ಮೊಣಕಾಲುಗಳಿಂದ ಟ್ಯಾಂಕನ್ನು ಬಿಗಿಯಾಗಿ ಅಪ್ಪಿ, ಮೈ ಬಗ್ಗಿಸಿ ಹೊರಡುತ್ತಾನೆ. ನೆಟ್ಟಗೆ ನಿಂತ ಮೈ ಹಡಗಿನ ಹಾಯಿಯಿದ್ದಂತೆ.

ಆಕಾಶದಲ್ಲಿ ಆತನ ಕೈಯಲ್ಲಿ ಉಳಿಯುವ ಉಪಾಯಗಳು ಕೆಲವೇ. ಆಕ್ಸಿಲರೇಟರ್ ಕೊಟ್ಟರೆ ಹಿಂಚಕ್ರ ರಭಸವಾಗಿ ತಿರುಗಿ ಗಾಡಿಯ ಮೂತಿ ಮೇಲೇಳುತ್ತದೆ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ಕ್ಲಚ್ ಮರೆತರೆ ಎಂಜಿನ್ನೇ ನಿಂತುಹೋದೀತು. ಸೋಜಿಗವೆಂದರೆ, ಎರಡು ಉಪಾಯಗಳೂ ಮೂತಿಯನ್ನು ಏರಿಸಿ ಇಳಿಸುತ್ತವೆಯೇ ಹೊರತು ಪಕ್ಕಕ್ಕೆ ಸರಿದ ಗಾಡಿಯನ್ನು ಹಿಂದಕ್ಕೆ ತರಲಾರವು. ಆ ಸಾಧನ ಯಾವ ಗಾಡಿಯಲ್ಲಿಯೂ ಇಲ್ಲ. ಆದ್ದರಿಂದ ಎಷ್ಟು ಕಡಿಮೆ ಹೊತ್ತು ಮೇಲಿದ್ದರೆ ಅಷ್ಟು ಲೇಸು. ಅಮೆರಿಕದ ಜೇಮ್ಸ್ ಸ್ಟೂವರ್ಟ್, ದಿಬ್ಬದ ತುದಿಯಲ್ಲೇ ಗಾಡಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ತಗ್ಗಾಗಿ ಹಾರುವ ವಿದ್ಯೆಗೆ ಹೆಸರಾದವನು. ವೇಗಕ್ಕಾಗಿ ಬಂದ ವಿದ್ಯೆ ಅದು. ಗಾಳಿಯ ದಿನ ಪಳಗಿದವರಿಗೆ ಒದಗೀತು. ಹೊಸಬರು ಅದನ್ನು ಅನುಕರಿಸಹೋದರೆ ಗಾಳಿಯೇ ಬೇಕಿಲ್ಲ, ಬೀಳುವುದಕ್ಕೆ.

ಕನ್ನಡ ನಾಡಿಗೂ ಈ ಆಟ ಹೊಸದಲ್ಲ. ೨೦೧೫ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್, ಕೋಲಾರದ ಬಳಿ ಮಣ್ಣಿನ ದಾರಿಯ ಸವಾರಿ ಕಲಿಸುವ ಕೇಂದ್ರವನ್ನು ಸ್ಥಾಪಿಸಿದರು. ಆ ಬಯಲು ಸೀಮೆಯಲ್ಲಿ ಆಷಾಢ ಬಂತೆಂದರೆ ಪಡುವಣ ಗಾಳಿ ಎದ್ದೇಳುತ್ತದೆ. ಹೊತ್ತೇರಿ ನೆಲ ಕಾಯುತ್ತಿದ್ದಂತೆ ಮೇಲಿನ ಗಾಳಿ ಕೆಳಗಿಳಿದು ಬೀಸು ಹೆಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಗಳೆಲ್ಲ ಒಂದೇ ಕಡೆಗೆ ಬಾಗುತ್ತವೆ. ಮುಂಜಾವದಲ್ಲಿ ಗಾಳಿ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಹಾರಾಟದ ಅಭ್ಯಾಸವನ್ನು ಬಿಸಿಲೇರುವ ಮೊದಲೇ ಮುಗಿಸಿಕೊಂಡವನು, ಮಧ್ಯಾಹ್ನ ತಿರುವುಗಳನ್ನೂ ಬ್ರೇಕನ್ನೂ ಕಲಿಯುತ್ತ, ದಿಬ್ಬ ಬಂದಾಗಲೆಲ್ಲ ಮೆಲ್ಲನೆ ಹತ್ತಿ ಮೆಲ್ಲನೆ ಇಳಿಯಬಹುದು. ಪ್ರತಿ ದಿಬ್ಬಕ್ಕೆ ಎರಡು ಮೂರು ಸೆಕೆಂಡು ತಡವಾಗುತ್ತದೆ, ಅಷ್ಟೆ.